ಸಿಂಹದ ಗಂಟಲಿನ ಮೂಳೆ: ಯಹೂದಿ ಮಕ್ಕಳ ಕಥೆಗಳು ಮತ್ತು ಅವುಗಳ ದಾಯಾದಿಗಳು



ಕಥೆಗಳ ಬಗ್ಗೆ ಮಾತಾಡಲು ಕರೆಸಿದ್ದೀರಿ, ಕಥೆಯಿಂದಲೇ ಶುರುಮಾಡುತ್ತೇನೆ. ಸಿಂಹವೊಂದು ಬೇಟೆ ತಿನ್ನುವಾಗ ಅದರ ಗಂಟಲಿಗೆ ಮೂಳೆ ಸಿಕ್ಕಿಕೊಂಡಿತು. ತೆಗೆದವರಿಗೆ ಬಹುಮಾನ ಕೊಡುತ್ತೇನೆ ಎಂದಿತು. ಉದ್ದ ಕೊಕ್ಕಿನ ಹಕ್ಕಿಯೊಂದು ಬಂದು, ಅದರ ಬಾಯೊಳಗೆ ತಲೆ ತೂರಿಸಿ, ಮೂಳೆಯನ್ನು ಎಳೆದು ಹಾಕಿತು. ಎಲ್ಲಿ ನನ್ನ ಬಹುಮಾನ ಎಂದು ಕೇಳಿದರೆ ಸಿಂಹ ಹೇಳಿತು: ನನ್ನ ಬಾಯೊಳಗೆ ಹೋಗಿ ಜೀವಸಮೇತ ಹೊರಗೆ ಬಂದಿದ್ದೀಯಲ್ಲ, ಇನ್ನೇನು ಬೇಕು?

ನಿಮ್ಮಲ್ಲಿ ಹೆಚ್ಚಿನವರಿಗೆ ಇದು ಈಸೋಪನ ತೋಳ ಮತ್ತು ಕೊಕ್ಕರೆಯ ಕಥೆಯಾಗಿ ಗೊತ್ತು. ಅಲ್ಲಿ ತೋಳ ಹಲ್ಲು ಕಿರಿಯುವಲ್ಲಿಗೆ ಕಥೆ ಮುಗಿದು, ಕೆಳಗೊಂದು ನೀತಿವಾಕ್ಯ ಬರುತ್ತದೆ: ದುಷ್ಟರಿಗೆ ಉಪಕಾರ ಮಾಡಿ ಪ್ರತಿಫಲ ಬಯಸಬೇಡ. ಪಾಲಿ ಜಾತಕಗಳಲ್ಲೂ ಈ ಕಥೆ ಇದೆ. 308ನೆಯದು, ಜವಸಕುಣ ಜಾತಕ. ಅಲ್ಲಿ ಹಕ್ಕಿ ಮರಕುಟಿಗ, ಅಂದರೆ ಆ ಜನ್ಮದ ಬೋಧಿಸತ್ವ. ಈ ಮರಕುಟಿಗ ಜಾಣ. ಒಳಗೆ ಹೋಗುವ ಮೊದಲು ಸಿಂಹದ ಎರಡು ದವಡೆಗಳ ನಡುವೆ ಒಂದು ಕೋಲನ್ನು ಊರುಗೊಟ್ಟು ನಿಲ್ಲಿಸುತ್ತದೆ. ಮೂಳೆಯನ್ನು ಕೊಕ್ಕಿನಿಂದ ಹೊಡೆದು ಬೀಳಿಸಿ, ಹೊರಗೆ ಬರುವಾಗ ಆ ಕೋಲನ್ನೂ ಬೀಳಿಸಿ ಹಾರಿಹೋಗುತ್ತದೆ. ಬಹಳ ದಿನಗಳ ಮೇಲೆ ಸಿಂಹವನ್ನು ಪರೀಕ್ಷಿಸಲೆಂದು ಬಂದು ಕೇಳಿದಾಗ ಅದೇ ಉತ್ತರ ಸಿಗುತ್ತದೆ. ಆದರೆ ಇಲ್ಲಿ ಕೊನೆಯ ಮಾತು ಹಕ್ಕಿಯದು. ಉಪಕಾರ ತಿಳಿಯದವನ ಸಹವಾಸವೇ ಬೇಡ ಎಂದು ಹೇಳಿ ಅದು ಹೊರಟುಹೋಗುತ್ತದೆ. ಬುದ್ಧ ಈ ಕಥೆಯನ್ನು ಹೇಳಿದ್ದು ದೇವದತ್ತನ ಕೃತಘ್ನತೆಯ ಪ್ರಸಂಗದಲ್ಲಿ.

ಈಗ ಯಹೂದಿಗಳ ಪಾಠಕ್ಕೆ ಬನ್ನಿ. ಬೈಬಲ್ಲಿನ ಆದಿಕಾಂಡಕ್ಕೆ ರಬ್ಬಿಗಳು ಹೇಳಿದ ವ್ಯಾಖ್ಯಾನ ಕಥೆಗಳ ಸಂಗ್ರಹವೊಂದಿದೆ, ಬೆರೆಶಿತ್ ರಬ್ಬಾ ಎಂದು. ಅದರಲ್ಲಿ ಈ ಕಥೆ ಬರುವ ಸಂದರ್ಭ ನೋಡಿ. ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ್ದರು. ಮುಂದೆ ಒಬ್ಬ ಚಕ್ರವರ್ತಿ, ಹೇಡ್ರಿಯನ್ ಇರಬೇಕು ಎಂಬುದು ವಿದ್ವಾಂಸರ ಊಹೆ, ಮತ್ತೆ ಕಟ್ಟಿಕೊಳ್ಳಿ ಎಂದು ಅಪ್ಪಣೆ ಕೊಟ್ಟ. ಆಮೇಲೆ ಚಾಡಿಮಾತು ಕೇಳಿ, ಕಟ್ಟಲು ಆಗದಂಥ ಷರತ್ತು ಹಾಕಿ ಪತ್ರ ಕಳಿಸಿದ. ಬೇತ್ ರಿಮ್ಮೋನ್ ಕಣಿವೆಯಲ್ಲಿ ಜನ ಸೇರಿದ್ದರು. ಪತ್ರ ಓದಿದಾಗ ಅತ್ತರು, ಅತ್ತು ಮುಗಿದ ಮೇಲೆ ದಂಗೆ ಏಳೋಣ ಎಂದರು. ಅವರನ್ನು ತಣ್ಣಗೆ ಮಾಡಲು ಹಿರಿಯರು ಕರೆತಂದದ್ದು ರಬ್ಬಿ ಯೆಹೋಶುವ ಬೆನ್ ಹನನ್ಯರನ್ನು. ಅವರು ಎದ್ದು ನಿಂತು ಈ ಸಿಂಹದ ಕಥೆಯನ್ನು ಹೇಳಿದರು. ಸಿಂಹದ ಮಾತಿಗೆ ಕಥೆಯನ್ನು ನಿಲ್ಲಿಸಿ, ಈ ರಾಜ್ಯದ ಬಾಯೊಳಗೆ ನೆಮ್ಮದಿಯಿಂದ ಹೋಗಿ ನೆಮ್ಮದಿಯಿಂದ ಹೊರಬಂದಿದ್ದೇವೆ, ಅಷ್ಟು ಸಾಕು ಎಂದರು.

ಗ್ರೀಕರ ಕಥೆಯಲ್ಲಿ, ಜಾತಕದಲ್ಲಿ ಆ ಮಾತು ದುಷ್ಟನ ದುರಹಂಕಾರ. ರಬ್ಬಿಯ ಬಾಯಲ್ಲಿ ಅದೇ ಮಾತು ಸಮಾಧಾನ. ಹಕ್ಕಿಯ ಪರವಾಗಿ ನಿಂತು ಸಿಂಹದ ಮಾತನ್ನು ಒಪ್ಪಿಕೊಳ್ಳುವ ಈ ವಿವೇಕ ಸೋತ ಜನರಿಗೆ ಮಾತ್ರ ಬರುತ್ತದೆ. ಆ ವಿವೇಕವೂ ಬಹಳ ದಿನ ಬಾಳಲಿಲ್ಲ. 132ರಲ್ಲಿ ಬಾರ್ ಕೊಖ್ಬಾನ ನಾಯಕತ್ವದಲ್ಲಿ ದಂಗೆ ನಡೆದೇ ನಡೆಯಿತು, ಮೂರು ವರ್ಷಗಳಲ್ಲಿ ಸಿಂಹ ಬಾಯಿ ಮುಚ್ಚಿತು.

ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಎರಡು ಜನಾಂಗಗಳಲ್ಲಿ ಒಂದೇ ಕಥೆ ಇದೆ ಎಂಬುದು ಬೆರಗಿನ ಸಂಗತಿಯಾಗಿ ಈಗ ಉಳಿದಿಲ್ಲ. ಯಾರು ಅದನ್ನು ಎಲ್ಲಿ ನಿಲ್ಲಿಸಿದರು ಎಂದು ನೋಡಿದರೆ ಆ ಜನರ ಮನಸ್ಸು ಕಾಣುತ್ತದೆ.

ಕಥೆಗಳು ಓಡಾಡಿದ ದಾರಿಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಪಂಚತಂತ್ರ ಆರನೆಯ ಶತಮಾನದಲ್ಲಿ ಪಹ್ಲವಿಗೆ, ಎಂಟನೆಯದರಲ್ಲಿ ಇಬ್ನ್ ಅಲ್ ಮುಕಫ್ಫನ ಕೈಯಿಂದ ಅರಬ್ಬಿಗೆ ಹೋಯಿತು. ಅಲ್ಲಿಂದ ರಬ್ಬಿ ಯೋಯೆಲ್ ಎಂಬಾತ ಹೀಬ್ರೂಗೆ ತಂದ. ಆ ಹೀಬ್ರೂವನ್ನು, ಯಹೂದಿಯಾಗಿ ಹುಟ್ಟಿ ಕ್ರೈಸ್ತನಾದ ಕಾಪುವಾದ ಜಾನ್ 13ನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ಇಳಿಸಿದ ಮೇಲೆ ಯುರೋಪಿನ ಮಕ್ಕಳಿಗೆ ನಮ್ಮ ನರಿಗಳು ಪರಿಚಯವಾದವು. ಅಷ್ಟರಲ್ಲಿ ಕನ್ನಡದಲ್ಲಿ ದುರ್ಗಸಿಂಹ ತನ್ನ ಪಂಚತಂತ್ರ ಬರೆದು ಎರಡು ಶತಮಾನ ಕಳೆದಿತ್ತು ಎಂದು ಹೆಮ್ಮೆಪಡುವವರು ಪಡಲಿ. ಪ್ರಾಣಿಕಥೆಗಳನ್ನು ಬಿಟ್ಟರೆ ಹೆಚ್ಚಿನ ಕಥೆಗಳು ಇಂಡಿಯಾದಿಂದಲೇ ಹೊರಟವು ಎಂದು ಜರ್ಮನಿಯ ಥಿಯೋಡೋರ್ ಬೆನ್ಫಿ 1859ರಲ್ಲಿ ವಾದಿಸಿದ್ದ. ಈ ಯಾರು ಮೊದಲು ಎಂಬ ಜಗಳ ನನಗೆ ಸಾಕಾಗಿದೆ.

ಆ ದಾರಿಯಲ್ಲಿ ಸಿಗುವ ಒಬ್ಬ ಮನುಷ್ಯನನ್ನು ಮಾತ್ರ ಬಿಡುವಂತಿಲ್ಲ: ಜೋಸೆಫ್ ಜೇಕಬ್ಸ್. 1854ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಯಹೂದಿ. ಇಂಗ್ಲಿಷ್ ಮಕ್ಕಳಿಗೆ ಮೂರು ಹಂದಿಮರಿಗಳ ಕಥೆಯನ್ನೂ ಜ್ಯಾಕನ ಹುರುಳಿ ಬಳ್ಳಿಯ ಕಥೆಯನ್ನೂ ಇವತ್ತು ನಾವು ಓದುವ ರೂಪದಲ್ಲಿ 1890ರಲ್ಲಿ ಕೊಟ್ಟವನು ಈತ. ಎರಡು ವರ್ಷದ ಮೇಲೆ ಇಂಡಿಯಾದ ಕಥೆಗಳ ಸಂಕಲನವನ್ನೂ ತಂದ. ಅದರ ಮೊದಲ ಕಥೆಯೇ ಸಿಂಹ ಮತ್ತು ಕೊಕ್ಕರೆ. ಅದೇ ಪುಸ್ತಕದಲ್ಲಿ ಮೇರಿ ಫ್ರಿಯರ್ 1868ರಲ್ಲಿ ಪ್ರಕಟಿಸಿದ್ದ ದಖನ್ನಿನ ಕಥೆಗಳೂ ಇವೆ. ಅವನ್ನು ಆಕೆಗೆ ಹೇಳಿದ್ದು ಆನಾ ಲಿಬರಾಟಾ ಡಿಸೋಜಾ ಎಂಬ ಆಯಾ. ತನ್ನ ಅಜ್ಜನ ಮನೆತನ ಮೊದಲು ಲಿಂಗಾಯತರದ್ದಾಗಿತ್ತು, ಆಮೇಲೆ ಕ್ರೈಸ್ತರಾದೆವು ಎಂದು ಆಕೆ ಹೇಳಿಕೊಂಡಿದ್ದಾಳೆ. ಲಿಂಗಾಯತ ಬೇರಿನ ಕ್ರೈಸ್ತ ಹೆಂಗಸು ಹೇಳಿದ್ದನ್ನು ಗವರ್ನರನ ಮಗಳಾದ ಫ್ರಿಯರ್ ಬರೆದುಕೊಂಡು, ಯಹೂದಿ ವಿದ್ವಾಂಸನೊಬ್ಬ ಲಂಡನ್ನಿನ ಮಕ್ಕಳಿಗೆ ಓದಿಸಿದ. ಶುದ್ಧ ಸಂಸ್ಕೃತಿಯ ಬಗ್ಗೆ ಭಾಷಣ ಮಾಡುವವರಿಗೆ ಈ ಒಂದು ವಾಕ್ಯ ಸಾಕು.

ಈಗ ಸರಪಳಿ ಕಥೆಗಳು. ಪಂಚತಂತ್ರದ ಇಲಿಮರಿ ಗಿಡುಗನ ಕೊಕ್ಕಿನಿಂದ ಜಾರಿ ಋಷಿಯ ಕೈಗೆ ಬೀಳುತ್ತದೆ. ಅವನು ಅದನ್ನು ಹೆಣ್ಣುಮಗುವಾಗಿಸಿ ಸಾಕುತ್ತಾನೆ. ಮದುವೆಯ ವಯಸ್ಸಿಗೆ ಸೂರ್ಯನನ್ನು ಕರೆದರೆ, ಬಹಳ ಸುಡುತ್ತಾನೆ, ಬೇಡ ಎನ್ನುತ್ತಾಳೆ. ಸೂರ್ಯನಿಗಿಂತ ಮೋಡ, ಮೋಡಕ್ಕಿಂತ ಗಾಳಿ, ಗಾಳಿಗಿಂತ ಬೆಟ್ಟ ದೊಡ್ಡದು. ಆ ಬೆಟ್ಟವನ್ನೇ ಕೊರೆಯುವವನು ಇಲಿರಾಯ. ಅವನನ್ನು ಕಂಡದ್ದೇ ಹುಡುಗಿಗೆ ಮೈಪುಳಕ. ಅಪ್ಪಾ, ನನ್ನನ್ನು ಮತ್ತೆ ಇಲಿ ಮಾಡು ಎನ್ನುತ್ತಾಳೆ. ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದೆವು.

ಬೆರೆಶಿತ್ ರಬ್ಬಾದಲ್ಲಿ ಇದೇ ಸರಪಳಿ ಹುಡುಗ ಅಬ್ರಹಾಮನ ಬಾಯಲ್ಲಿದೆ. ಅವನ ತಂದೆ ತೆರಹ ವಿಗ್ರಹ ಮಾರುವವನು. ಅಂಗಡಿ ನೋಡಿಕೋ ಎಂದು ಮಗನನ್ನು ಕೂರಿಸಿ ಹೋದರೆ, ಮಗ ದೊಣ್ಣೆ ತೆಗೆದುಕೊಂಡು ವಿಗ್ರಹಗಳನ್ನೆಲ್ಲ ಒಡೆದು, ದೊಡ್ಡ ವಿಗ್ರಹದ ಕೈಗೆ ದೊಣ್ಣೆ ಕೊಟ್ಟು, ಇವನೇ ಉಳಿದವರನ್ನು ಹೊಡೆದ ಎನ್ನುತ್ತಾನೆ. ಕಲ್ಲುಗೊಂಬೆ ಹೊಡೆಯುತ್ತದೇನೋ ಎಂದು ಅಪ್ಪ ಗದರಿದರೆ, ನಿಮ್ಮ ಬಾಯಿ ಹೇಳಿದ್ದನ್ನು ನಿಮ್ಮ ಕಿವಿ ಕೇಳಲಿ ಎನ್ನುತ್ತಾನೆ. ಅಪ್ಪ ಅವನನ್ನು ದೊರೆ ನಿಮ್ರೋದನಿಗೆ ಒಪ್ಪಿಸುತ್ತಾನೆ. ಬೆಂಕಿಯನ್ನು ಪೂಜಿಸು ಎಂದು ದೊರೆ ಹೇಳಿದರೆ, ಬೆಂಕಿಯನ್ನು ಆರಿಸುವ ನೀರನ್ನು ಏಕೆ ಪೂಜಿಸಬಾರದು ಎಂದು ಹುಡುಗ ಕೇಳುತ್ತಾನೆ. ಹಾಗಾದರೆ ನೀರು. ನೀರನ್ನು ಹೊರುವ ಮೋಡ? ಮೋಡವನ್ನು ಚದುರಿಸುವ ಗಾಳಿ? ಗಾಳಿಯನ್ನು ಎದೆಯೊಳಗೆ ಹಿಡಿದಿಟ್ಟ ಮನುಷ್ಯ? ನಿಮ್ರೋದನಿಗೆ ರೇಗಿಹೋಯಿತು. ಬರೀ ಮಾತು, ನಾನು ಬೆಂಕಿಯನ್ನೇ ಪೂಜಿಸುವವನು, ನಿನ್ನನ್ನು ಅದಕ್ಕೇ ಎಸೆಯುತ್ತೇನೆ, ನಿನ್ನ ದೇವರು ಬಂದು ಬಿಡಿಸಲಿ ಎಂದ.

ಪ್ರಹ್ಲಾದ ನೆನಪಾಗದ ಕನ್ನಡಿಗ ಇಲ್ಲಿ ಯಾರೂ ಇರಲಾರರು. ಆದರೆ ನಮ್ಮ ಪ್ರಹ್ಲಾದನ ಕಥೆಯಲ್ಲಿ ಇಲ್ಲದ ಒಬ್ಬ ಇಲ್ಲಿದ್ದಾನೆ: ಅಬ್ರಹಾಮನ ತಮ್ಮ ಹಾರಾನ. ಅವನು ಗಾಳಿ ಬಂದತ್ತ ತೂರಿಕೊಳ್ಳುವ ಜಾತಿ. ಅಣ್ಣ ಗೆದ್ದರೆ ಅಣ್ಣನ ಕಡೆ, ದೊರೆ ಗೆದ್ದರೆ ದೊರೆಯ ಕಡೆ ಎಂದು ಲೆಕ್ಕ ಹಾಕುತ್ತ ನಿಂತಿದ್ದ. ಅಣ್ಣ ಬೆಂಕಿಯಿಂದ ಸುಡದೆ ಹೊರಬಂದ. ನೀನು ಯಾರ ಕಡೆ ಎಂದು ಕೇಳಿದಾಗ ಹಾರಾನ ಧೈರ್ಯದಿಂದ ಅಣ್ಣನ ಕಡೆ ಎಂದ. ಅವನನ್ನೂ ಎಸೆದರು, ಅವನು ಸುಟ್ಟುಹೋದ. ನರಸಿಂಹ ಕಂಬ ಒಡೆದು ಬರುವ ರೋಮಾಂಚನ ಈ ಕಥೆಗಿಲ್ಲ. ಆದರೆ ಎಂಟನೆಯ ತರಗತಿಯ ಹುಡುಗರಿಗೆ ಹೇಳಿದರೆ ಅವರು ಗಂಟೆಗಟ್ಟಲೆ ವಾದಿಸುವುದು ಹಾರಾನನ ಬಗ್ಗೆ. ಕೊನೆಗೆ ಸತ್ಯದ ಕಡೆಗೇ ಬಂದನಲ್ಲ, ಅವನನ್ನೇಕೆ ಸುಡಬೇಕಿತ್ತು?

ಇದೇ ಸರಪಳಿಯ ಇನ್ನೊಂದು ಕೊಂಡಿ ಯಹೂದಿಗಳ ಪಸ್ಕ ಹಬ್ಬದ ರಾತ್ರಿ ಸಿಗುತ್ತದೆ. ಆ ರಾತ್ರಿಯ ಊಟ, ಪಠಣ ಎಲ್ಲ ಸೇರಿ ಹೊತ್ತು ಬಹಳವಾಗುತ್ತದೆ. ಮಕ್ಕಳು ನಿದ್ದೆ ಹೋಗಬಾರದು, ಏಕೆಂದರೆ ಈಜಿಪ್ಟಿನ ಬಿಡುಗಡೆಯ ಕಥೆ ಹೇಳುವುದೇ ಅವರಿಗಾಗಿ. ಅದಕ್ಕೆ ಹಿರಿಯರು ಹೂಡಿದ ಉಪಾಯಗಳು ಹಲವು. ಹುಳಿಯಿಲ್ಲದ ರೊಟ್ಟಿಯ ಒಂದು ಚೂರನ್ನು ಬಚ್ಚಿಟ್ಟು ಹುಡುಕಾಡಿಸುತ್ತಾರೆ, ಸಿಕ್ಕರೆ ಉಡುಗೊರೆ. ಎಲ್ಲಕ್ಕಿಂತ ಕೊನೆಗೆ ಹದ್ ಗದ್ಯಾ ಎಂಬ ಅರಾಮಿಕ್ ಹಾಡು. ಅಪ್ಪ ಎರಡು ಕಾಸಿಗೆ ತಂದ ಆಡುಮರಿಯನ್ನು ಬೆಕ್ಕು ತಿಂದಿತು, ಬೆಕ್ಕನ್ನು ನಾಯಿ ಕಚ್ಚಿತು, ನಾಯಿಗೆ ಕೋಲು, ಕೋಲಿಗೆ ಬೆಂಕಿ, ಬೆಂಕಿಗೆ ನೀರು, ನೀರು ಕುಡಿಯಲು ಎತ್ತು, ಎತ್ತಿಗೆ ಕಟುಕ, ಕಟುಕನಿಗೆ ಮೃತ್ಯುದೂತ, ಮೃತ್ಯುದೂತನಿಗೆ ದೇವರು. ಪ್ರತಿ ಸುತ್ತಿನಲ್ಲೂ ಹಿಂದಿನದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಬೇಕು. ಉಸಿರು ಕಟ್ಟಿದವರು ಸೋತಂತೆ. 1590ರಲ್ಲಿ ಪ್ರಾಗ್ ನಗರದಲ್ಲಿ ಅಚ್ಚಾದ ಹಬ್ಬದ ಪುಸ್ತಕದಲ್ಲಿ ಇದು ಮೊದಲು ಕಾಣಿಸಿಕೊಂಡಿತು.

ಜೇಕಬ್ಸನ ಇಂಗ್ಲಿಷ್ ಸಂಕಲನದಲ್ಲಿ ಇದರ ದಾಯಾದಿ ಇದೆ. ಅಜ್ಜಿಯೊಬ್ಬಳು ಸಂತೆಯಿಂದ ಹಂದಿ ತರುತ್ತಿದ್ದಾಳೆ. ಅದು ದಾಟುಗಂಬ ಹಾರಲು ಒಲ್ಲೆ ಎನ್ನುತ್ತದೆ. ಕಚ್ಚು ಎಂದು ನಾಯಿಗೆ ಹೇಳಿದರೆ ನಾಯಿಯೂ ಒಲ್ಲದು. ನಾಯಿ, ಕೋಲು, ಬೆಂಕಿ, ನೀರು, ಎತ್ತು, ಕಟುಕ, ಎಲ್ಲ ಅದೇ ಸಾಲಿನಲ್ಲಿ ನಿಂತಿವೆ. ಕೊನೆಗೆ ಬೆಕ್ಕಿಗೆ ಒಂದು ಬಟ್ಟಲು ಹಾಲು ಕೊಟ್ಟದ್ದೇ ತಡ, ಸರಪಳಿ ಹಿಂದಕ್ಕೆ ಬಿಚ್ಚಿಕೊಂಡು ಹಂದಿ ಹಾರುತ್ತದೆ, ಅಜ್ಜಿ ರಾತ್ರಿಯೊಳಗೆ ಮನೆ ಸೇರುತ್ತಾಳೆ. ಇಂಗ್ಲಿಷ್ ಅಜ್ಜಿಗೆ ಮನೆ ಸೇರಿದರೆ ಸಾಕು. ಇಲಿಗೆ ಇಲಿಯಾದರೆ ಸಾಕು. ಪ್ರಾಗ್‌ನ ಯಹೂದಿಗೆ ಕಟುಕನಲ್ಲಿಗೆ ಕಥೆ ನಿಲ್ಲಿಸುವುದು ಸಾಧ್ಯವೇ ಇರಲಿಲ್ಲ. ಕಟುಕನ ಮೇಲೆ ಯಾರಿದ್ದಾರೆ ಎಂದು ಕೇಳಿಕೊಂಡೇ ಬದುಕಬೇಕಾಗಿದ್ದ ಜನ ಅವರು.

ಮೂಢರ ಊರು ಎಲ್ಲರಲ್ಲೂ ಇದೆ. ಇಂಗ್ಲೆಂಡಿಗೆ ಗೋಥಮ್, ಜರ್ಮನಿಗೆ ಶಿಲ್ಡಾ. ಯಿದ್ದಿಷ್ ಮಾತಾಡುವ ಯಹೂದಿಗಳಿಗೆ ಪೋಲೆಂಡಿನ ಖೆಲ್ಮ್. ಖೆಲ್ಮ್‌ನ ಹಿರಿಯರು ಹುಣ್ಣಿಮೆಯ ರಾತ್ರಿ ನೀರಿನ ಪೀಪಾಯಿಯಲ್ಲಿ ಕಂಡ ಚಂದ್ರನನ್ನು ಮುಚ್ಚಳ ಹಾಕಿ ಬಂಧಿಸಿಟ್ಟವರು. ಊರ ಮೇಲೆ ಬಿದ್ದ ಹಿಮ ಬೆಳ್ಳಿಯಂತೆ ಹೊಳೆದಾಗ, ಇದನ್ನು ಯಾರೂ ತುಳಿದು ಹಾಳುಮಾಡದಂತೆ ಊರಿಗೆಲ್ಲ ಸುದ್ದಿ ಮುಟ್ಟಿಸಬೇಕು ಎಂದು ತೀರ್ಮಾನಿಸಿದರು. ಸುದ್ದಿ ಹೇಳಲು ಹೋಗುವ ಹುಡುಗನೇ ತುಳಿದುಬಿಟ್ಟರೆ? ಅವನನ್ನು ಮೇಜಿನ ಮೇಲೆ ನಿಲ್ಲಿಸಿ, ನಾಲ್ಕು ಜನ ಮೇಜು ಹೊತ್ತುಕೊಂಡು ಊರೆಲ್ಲ ಸುತ್ತಿದರು. ಐಸಾಕ್ ಬಾಷೆವಿಸ್ ಸಿಂಗರ್ 1966ರಲ್ಲಿ ಮಕ್ಕಳಿಗೆಂದು ತಂದ ಕಥಾಸಂಕಲನದಲ್ಲಿ ಇದು ಸೇರಿದೆ. ಶಿಲ್ಡಾದವರು ಉಪ್ಪು ಬಿತ್ತಿದ ಹೊಲವನ್ನು ಕಾಯುವವನು ಪೈರು ತುಳಿಯಬಾರದೆಂದು ಅವನನ್ನು ನಾಲ್ಕು ಜನ ಹೊತ್ತದ್ದು 1598ರ ಜರ್ಮನ್ ಪುಸ್ತಕದಲ್ಲಿದೆ. ಆ ಜರ್ಮನ್ ಪುಸ್ತಕ ಯಿದ್ದಿಷ್‌ಗೆ ಬಂದು, 19ನೆಯ ಶತಮಾನದಲ್ಲಿ ಈ ಪೆದ್ದುತನವೆಲ್ಲ ಖೆಲ್ಮ್‌ನ ತಲೆಗೆ ಕಟ್ಟಿಕೊಂಡಿತು. ಪಾಪ, ಆ ಊರಿನವರು ಉಳಿದವರಂತೆಯೇ ಇದ್ದರು. ಎರಡನೆಯ ಮಹಾಯುದ್ಧಕ್ಕೆ ಮೊದಲು ಊರಿನ ಹೆಚ್ಚುಕಡಿಮೆ ಅರ್ಧ ಜನ ಯಹೂದಿಗಳೇ. 1942ರಲ್ಲಿ ಅವರಲ್ಲಿ ಬಹುಪಾಲು ಜನರನ್ನು ಹತ್ತಿರದ ಸೋಬಿಬೋರ್ ಶಿಬಿರಕ್ಕೆ ಒಯ್ದು ಕೊಂದರು. ಆದ್ದರಿಂದ ಈಗ ಖೆಲ್ಮ್ ಕಥೆ ಹೇಳುವ ಯಾರೂ ಅದನ್ನು ಗೋಥಮ್ ಕಥೆಯಷ್ಟು ಹಗುರವಾಗಿ ಹೇಳಲಾರರು. ಸಿಂಗರ್ ಮಾತ್ರ ಹಗುರವಾಗಿಯೇ ಹೇಳುತ್ತಾನೆ. ಅವನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅಲ್ಲಿ.

ಮೂಢರ ಎಣಿಕೆಯ ಕಥೆ ನಮ್ಮದೂ ಹೌದು. ಹೊಳೆ ದಾಟಿದವರು ತಮ್ಮನ್ನು ಬಿಟ್ಟು ಉಳಿದವರನ್ನು ಎಣಿಸಿ, ಒಬ್ಬ ಕೊಚ್ಚಿಹೋದ ಎಂದು ಅಳುವುದು. ಗೋಥಮ್‌ನಲ್ಲಿ ಹನ್ನೆರಡು ಜನ. 18ನೆಯ ಶತಮಾನದಲ್ಲಿ ಇಟಲಿಯ ಪಾದ್ರಿ ಬೆಸ್ಕಿ ತಮಿಳಿನಲ್ಲಿ ಬರೆದ ಪರಮಾರ್ಥ ಗುರುವಿನ ಕಥೆಯಲ್ಲಿ ಗುರು ಮತ್ತು ಐವರು ಶಿಷ್ಯರು. ಅಲ್ಲಿ ದಾರಿಹೋಕನೊಬ್ಬ ದುಡ್ಡು ಕಿತ್ತುಕೊಂಡು, ಒಬ್ಬೊಬ್ಬರಿಗೂ ಒಂದೊಂದು ಏಟು ಕೊಟ್ಟು ಎಣಿಸಿ ತೋರಿಸುತ್ತಾನೆ. ವೇದಾಂತಿಗಳ ಕೈಗೆ ಸಿಕ್ಕಾಗ ಇದೇ ಕಥೆಯ ಸ್ವರೂಪ ಬದಲಾಯಿತು. ಅವರಲ್ಲಿ ಹೊಳೆ ದಾಟಿದವರು ಹತ್ತು ಜನ; ಹತ್ತನೆಯವನು ನೀನೇ ಎಂದು ದಾರಿಹೋಕ ಹೇಳುವಲ್ಲಿಗೆ ಅವರು ನಿಲ್ಲಿಸಿದರು. ಶೃಂಗೇರಿಯ ವಿದ್ಯಾರಣ್ಯರು ಪಂಚದಶಿಯಲ್ಲಿ ಈ ಹತ್ತನೆಯವನಿಗೆ ಏಳು ಅವಸ್ಥೆಗಳನ್ನು ಹೊಂದಿಸುತ್ತಾರೆ. ಹತ್ತನೆಯವನು ಕಾಣದೆ ಗೋಳಾಡುವುದು ವಿಕ್ಷೇಪ, ಅವನು ಬದುಕಿದ್ದಾನೆ ಎಂದು ಕೇಳಿ ನಂಬುವುದು ಪರೋಕ್ಷ ಜ್ಞಾನ, ಅವನು ನಾನೇ ಎಂದು ಅರಿಯುವುದು ಅಪರೋಕ್ಷ ಜ್ಞಾನ. ನಗೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಇನ್ನೊಂದು ನಾಡು ನನಗೆ ಗೊತ್ತಿಲ್ಲ. ಮಕ್ಕಳಿಗೆ ಹೇಳುವಾಗ ನಾನಂತೂ ಏಟಿನ ಪಾಠವನ್ನೇ ಆರಿಸಿಕೊಳ್ಳುತ್ತೇನೆ.

ನಿಧಿಯ ಕನಸಿನ ಕಥೆಯನ್ನು ಪಾವ್ಲೊ ಕೊಯೆಲೊನ ದೆಸೆಯಿಂದ ಎಲ್ಲರೂ ಓದಿರುವುದರಿಂದ ಬೇಗ ದಾಟುತ್ತೇನೆ. ಕ್ರಾಕೋ ನಗರದ ಬಡ ಐಸಿಕ್ ಪ್ರಾಗ್‌ನ ಸೇತುವೆಯ ಕೆಳಗೆ ನಿಧಿ ಇದೆ ಎಂದು ಕನಸು ಕಂಡು ಅಲ್ಲಿಗೆ ನಡೆದು ಹೋಗುತ್ತಾನೆ. ಕಾವಲಿನ ಅಧಿಕಾರಿ ನಗುತ್ತಾನೆ: ಕನಸು ನಂಬುವುದಾದರೆ ನಾನು ಕ್ರಾಕೋದ ಯಾವನೋ ಐಸಿಕ್‌ನ ಒಲೆಯ ಕೆಳಗೆ ಅಗೆಯಬೇಕಿತ್ತು! ಸಾವಿರದೊಂದು ರಾತ್ರಿಗಳಲ್ಲಿ ಇದೇ ಕಥೆ ಬಾಗ್ದಾದ್ ಮತ್ತು ಕೈರೋ ನಡುವೆ ನಡೆಯುತ್ತದೆ. ಇಂಗ್ಲೆಂಡಿನ ಸ್ವಾಫಮ್‌ನ ಹೊರೆ ವ್ಯಾಪಾರಿಗೆ ಲಂಡನ್ ಸೇತುವೆಯ ಮೇಲೆ ಇದೇ ಉತ್ತರ ಸಿಗುತ್ತದೆ. ಅವನೂ ಅವನ ನಾಯಿಯೂ ಆ ಊರಿನ ಚರ್ಚಿನ ಮರದ ಕೆತ್ತನೆಯಲ್ಲಿದ್ದಾರೆ. ಹಸಿದಿ ಎಂಬ ಯಹೂದಿ ಭಕ್ತಿಪಂಥದ ಗುರು ಸಿಂಖಾ ಬುನಿಮ್ ತನ್ನಲ್ಲಿಗೆ ಹೊಸದಾಗಿ ಬಂದ ಹುಡುಗರಿಗೆ ಇದನ್ನು ಹೇಳುತ್ತಿದ್ದನಂತೆ. ನಿಮಗೆ ಬೇಕಾದದ್ದು ನಿಮ್ಮ ಮನೆಯ ಒಲೆಯ ಕೆಳಗಿದೆ, ಅದನ್ನು ಹೇಳಲಷ್ಟೇ ನಾನು ಎಂದು. ಬಂದ ಶಿಷ್ಯರನ್ನು ವಾಪಸು ಕಳಿಸುವ ಗುರು ಅಪರೂಪ.

ಇನ್ನು ಕಹಿಯಾದ ಒಂದು ಕಥೆ. ಗ್ರಿಮ್ ಸಹೋದರರ ಸಂಗ್ರಹದಲ್ಲಿ 110ನೆಯದು ಮುಳ್ಳುಪೊದೆಯ ಯಹೂದಿಯ ಕಥೆ. ಮೂರು ವರ್ಷ ದುಡಿದು ಮೂರು ಕಾಸು ಸಂಪಾದಿಸಿದ ಆಳುಮಗನಿಗೆ ಮಾಯದ ಪಿಟೀಲು ಸಿಗುತ್ತದೆ. ನುಡಿಸಿದರೆ ಕೇಳಿದವರೆಲ್ಲ ಕುಣಿಯಲೇಬೇಕು. ದಾರಿಯಲ್ಲಿ ಕಂಡ ಯಹೂದಿಯೊಬ್ಬನನ್ನು ಮುಳ್ಳುಪೊದೆಯೊಳಗೆ ಕಳಿಸಿ ಅವನು ಪಿಟೀಲು ನುಡಿಸುತ್ತಾನೆ. ಯಹೂದಿಯ ಬಟ್ಟೆ ಹರಿಯುತ್ತದೆ, ಗಡ್ಡ ಕಿತ್ತುಹೋಗುತ್ತದೆ, ಮೈಯೆಲ್ಲ ರಕ್ತ. ಕೊನೆಗೆ ಗಲ್ಲಿಗೇರುವವನೂ ಯಹೂದಿಯೇ. ಮಕ್ಕಳಿಗೆಂದೇ 1825ರಲ್ಲಿ ತಂದ ಐವತ್ತು ಕಥೆಗಳ ಚಿಕ್ಕ ಆವೃತ್ತಿಯಲ್ಲೂ ಇದನ್ನು ಉಳಿಸಿಕೊಂಡರು. ಜರ್ಮನಿಯ ಯಹೂದಿ ಮಕ್ಕಳ ಮನೆಗಳಲ್ಲೂ ಗ್ರಿಮ್ ಪುಸ್ತಕ ಇರುತ್ತಿತ್ತು ಎಂಬುದನ್ನು ಮರೆಯಬೇಡಿ.

ಇದರ ಹಳೆಯ ರೂಪಗಳಲ್ಲಿ ಮುಳ್ಳಿನಲ್ಲಿ ಕುಣಿಯುವವನು ಯಹೂದಿಯಲ್ಲ, ಕ್ರೈಸ್ತ ಸನ್ಯಾಸಿ. 16ನೆಯ ಶತಮಾನದ ಇಂಗ್ಲಿಷ್ ಪದ್ಯಕಥೆಯಲ್ಲೂ, ಜರ್ಮನಿಯ ಹಳೆಯ ನಾಟಕಗಳಲ್ಲೂ ಹಾಗೇ. ಕಥೆಯ ಚೌಕಟ್ಟು ಕದಲಲಿಲ್ಲ. ಆ ಜಾಗದಲ್ಲಿ ಯಾರನ್ನು ನಿಲ್ಲಿಸಿದರೆ ಕೇಳುವವರು ನಗುತ್ತಾರೆ ಎಂಬುದು ಬದಲಾಯಿತು, ಅಷ್ಟೆ. ಕನ್ನಡದ ಜನಪದ ಕಥೆಗಳನ್ನು ಮಕ್ಕಳಿಗೆಂದು ಸಂಪಾದಿಸುವ ಮಿತ್ರರು ನಮ್ಮ ಮುಳ್ಳುಪೊದೆಗಳನ್ನೂ ಒಮ್ಮೆ ಹಣಕಿ ನೋಡಬೇಕು. ಶೆಟ್ಟಿಯ ಜಿಪುಣತನ, ಹಾರುವನ ಹೊಟ್ಟೆಬಾಕತನ, ಕೆಳಜಾತಿಯವನ ಪೆದ್ದುತನ, ಕುಂಟ ಕುರುಡರ ಫಜೀತಿ. ಇಂಥ ಕಥೆಗಳನ್ನು ಸುಟ್ಟುಹಾಕಿ ಎಂದು ನಾನು ಹೇಳುವುದಿಲ್ಲ. ಸನ್ಯಾಸಿಯ ಪಾಠವನ್ನೂ ಯಹೂದಿಯ ಪಾಠವನ್ನೂ ಪಕ್ಕಪಕ್ಕದಲ್ಲಿಟ್ಟು ಹೈಸ್ಕೂಲಿನಲ್ಲಿ ಓದಿಸಿ. ಹುಡುಗರು ತಾವಾಗಿಯೇ ಪ್ರಶ್ನೆ ಕೇಳುತ್ತಾರೆ.

ಕೊನೆಯದಾಗಿ ಎರಡು ಕೋಟುಗಳು. ಯಿದ್ದಿಷ್‌ನಲ್ಲಿ ಒಂದು ಹಾಡಿದೆ, ಅದನ್ನು ಆಧರಿಸಿ ಸಿಮ್ಸ್ ಟ್ಯಾಬ್ಯಾಕ್ ಮಾಡಿದ ಚಿತ್ರಪುಸ್ತಕಕ್ಕೆ ಅಮೆರಿಕದಲ್ಲಿ 2000ದ ಕ್ಯಾಲ್ಡೆಕಾಟ್ ಪದಕ ಬಂತು. ಜೋಸೆಫನ ಉದ್ದ ಕೋಟು ಹರಿಯುತ್ತದೆ, ಗಿಡ್ಡ ಕೋಟು ಹೊಲಿದುಕೊಳ್ಳುತ್ತಾನೆ. ಅದು ಹರಿದರೆ ತೋಳಿಲ್ಲದ ಅಂಗಿ, ಆಮೇಲೆ ಟೈ, ಕರವಸ್ತ್ರ, ಕಡೆಗೆ ಒಂದು ಗುಂಡಿ. ಟ್ಯಾಬ್ಯಾಕ್ ಪುಟಗಳಲ್ಲಿ ತೂತುಗಳನ್ನೇ ಕತ್ತರಿಸಿದ್ದಾನೆ. ಮಗು ತೂತಿನೊಳಗೆ ಬೆರಳು ಹಾಕಿ ಪುಟ ತಿರುವಿದರೆ ಅದೇ ತೂತು ಮುಂದಿನ ಬಟ್ಟೆಯ ಆಕಾರವಾಗುತ್ತದೆ. ಗುಂಡಿಯೂ ಕಳೆದುಹೋದ ಮೇಲೆ ಜೋಸೆಫ್ ಈ ಕಥೆಯನ್ನೇ ಪುಸ್ತಕ ಮಾಡುತ್ತಾನೆ. ಏನೂ ಉಳಿಯದಿದ್ದರೂ ಕಥೆ ಉಳಿಯಿತು. ಊರೂರು ಬಿಟ್ಟು ಓಡಬೇಕಾದ ದರ್ಜಿಗಳ ಕಥೆಗೆ ಇದಕ್ಕಿಂತ ಸರಿಯಾದ ನಿಲುಗಡೆ ಇಲ್ಲ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಕಥೆಯಲ್ಲೂ ಕೋಟಿದೆ, ಆದರೆ ದಿಕ್ಕು ತಿರುಗುಮುರುಗು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವನ್ನು ಯಾರಿಗೂ ಹೇಳದೆ ಬಾಯಿ ಬಿಗಿದುಕೊಂಡಿದ್ದಳು. ಒಂದು ಮಧ್ಯಾಹ್ನ ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ತಪ್ಪಿಸಿಕೊಂಡವು. ಕಥೆ ಜೋಡಿನ ರೂಪ ತಾಳಿ ಬಾಗಿಲ ಹೊರಗೆ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿ, ಯಾರು ಬಂದಿದ್ದಾರೆ ಎಂದ. ಯಾರೂ ಇಲ್ಲ ಎಂದಳು. ಜಗಳವಾಗಿ ಗಂಡ ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಮಲಗಲು ಹೋದ. ಊರ ಮನೆಗಳ ದೀಪ ಆರಿಸಿದ ಮೇಲೆ ಜ್ವಾಲೆಗಳೆಲ್ಲ ಆ ಗುಡಿಗೆ ಬಂದು ಹರಟೆ ಹೊಡೆಯುತ್ತವೆ. ತಡವಾಗಿ ಬಂದ ಒಂದು ಜ್ವಾಲೆ ತನ್ನ ಮನೆಯ ಜಗಳದ ಗುಟ್ಟು ಹೇಳಿತು. ಗಿರೀಶ ಕಾರ್ನಾಡರ ನಾಗಮಂಡಲದ ಮೊದಲ ದೃಶ್ಯದಲ್ಲಿ ಈ ಜ್ವಾಲೆಗಳನ್ನು ನೀವು ಕಂಡಿದ್ದೀರಿ.

ಯಹೂದಿ ದರ್ಜಿಯ ಕೋಟು ಕಥೆಯಾಯಿತು, ನಮ್ಮ ಗೃಹಿಣಿಯ ಹಾಡು ಕೋಟಾಯಿತು. ಅಲ್ಲಿಯ ಭಯ ಕಳೆದುಕೊಳ್ಳುವುದರದು. ಇಲ್ಲಿಯ ಭಯ ಒಳಗೇ ಇಟ್ಟುಕೊಳ್ಳುವುದರದು, ಅದೂ ಮಾತಾಡಿದರೂ ಆಡದಿದ್ದರೂ ಗಂಡನ ಅನುಮಾನಕ್ಕೆ ಗುರಿಯಾಗುವ ಹೆಂಗಸಿನದು. ಬೆಳಗ್ಗೆ ಗಂಡ ಮನೆಗೆ ಬಂದು, ನಿನಗೊಂದು ಕಥೆ, ಒಂದು ಹಾಡು ಗೊತ್ತಿತ್ತಂತಲ್ಲ ಎಂದು ಕೇಳಿದ. ಅವಳು, ಯಾವ ಕಥೆ, ಯಾವ ಹಾಡು ಎಂದಳು.

ಇದನ್ನು ಹೇಳಿದಾಗಲೆಲ್ಲ ಮಕ್ಕಳು, ಆ ಕಥೆ ಯಾವುದಾಗಿತ್ತು ಎಂದು ಪಟ್ಟುಹಿಡಿಯುತ್ತಾರೆ. ನನ್ನಲ್ಲಿ ಉತ್ತರವಿಲ್ಲ. ಮುಂದಿನ ವರ್ಷ ಈ ದತ್ತಿ ಉಪನ್ಯಾಸಕ್ಕೆ ಬರುವವರನ್ನು ಕೇಳಿ ನೋಡಿ.